ಪರದೇಶಕ್ಕೆ ಹೋಗುವ ಮುಂಚೆ



ಹೊಸರಿತ್ತಿಯಿಂದ ಹಾವೇರಿಗೆ ಹೋಗಬೇಕು. ಬಸ್ ಟಿಕೆಟ್ ಸಾಕು. ಹಾವೇರಿಯಿಂದ ಮುಂಬೈಗೆ ಹೋಗಬೇಕು. ರೈಲಿನ ಟಿಕೆಟ್ ಸಾಕು. ನಮ್ಮ ದೇಶದ ಒಳಗೆ ನಾವು ಎಲ್ಲಿ ಬೇಕಾದರೂ ಹೋಗಿ ದುಡಿಯಬಹುದು.

ಆದರೆ ದೇಶದ ಗಡಿ ದಾಟಲು ಟಿಕೆಟ್ ಒಂದೇ ಸಾಲದು. ಇನ್ನೂ ಎರಡು ಕಾಗದ ಬೇಕು. ಒಂದು ಪಾಸ್‌ಪೋರ್ಟ್. ಇನ್ನೊಂದು ವೀಸಾ. ಈ ಎರಡನ್ನೂ ಅರಿಯದೆ ಹೋದವರು ಕಷ್ಟಕ್ಕೆ ಬೀಳುತ್ತಾರೆ. ಬನ್ನಿ, ಇವು ಏನು ಎಂದು ತಿಳಿಯೋಣ.

ಪಾಸ್‌ಪೋರ್ಟ್

ಪಾಸ್‌ಪೋರ್ಟ್ ಒಂದು ಚಿಕ್ಕ ಪುಸ್ತಕ. ಇದನ್ನು ಕೊಡುವುದು ಭಾರತ ಸರ್ಕಾರ. "ಇವರು ನಮ್ಮ ದೇಶದವರು" ಎಂದು ಅದು ಹೇಳುತ್ತದೆ. ನಮ್ಮ ಹೆಸರು, ಹುಟ್ಟಿದ ದಿನ, ಫೋಟೋ ಅದರಲ್ಲಿ ಇರುತ್ತವೆ.

ದೊಡ್ಡವರ ಪಾಸ್‌ಪೋರ್ಟ್ 10 ವರ್ಷ ನಡೆಯುತ್ತದೆ. 36 ಪುಟದ ಪುಸ್ತಕಕ್ಕೆ ಸಾಮಾನ್ಯ ಶುಲ್ಕ 1500 ರೂಪಾಯಿ. ಅರ್ಜಿಯನ್ನು ಕಂಪ್ಯೂಟರಿನಲ್ಲಿ ಹಾಕಬೇಕು. ಆಮೇಲೆ ಗೊತ್ತಾದ ದಿನ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋಗಬೇಕು. ನಮ್ಮ ಕಡೆಯವರಿಗೆ ಹುಬ್ಬಳ್ಳಿಯಲ್ಲಿ ಕೇಂದ್ರ ಇದೆ. ಅಲ್ಲಿಯೇ ಫೋಟೋ ತೆಗೆಯುತ್ತಾರೆ. ಬೆರಳ ಗುರುತು ತೆಗೆದುಕೊಳ್ಳುತ್ತಾರೆ. ನಂತರ ಪೊಲೀಸರು ವಿಚಾರಣೆ ಮಾಡುತ್ತಾರೆ.

ಮದುವೆಯ ಸರ್ಟಿಫಿಕೇಟ್ ಇಲ್ಲವೆಂದು ಹೆದರಬೇಡಿ. 2016ರಲ್ಲಿ ನಿಯಮ ಬದಲಾಯಿತು. ಮದುವೆಯಾದ ಹೆಂಗಸು ಆ ಸರ್ಟಿಫಿಕೇಟ್ ಕೊಡಲೇಬೇಕು ಎಂಬುದು ಹೋಯಿತು. ಗಂಡನಿಂದ ವಿಚ್ಛೇದನ ಪಡೆದವಳು ಅವನ ಹೆಸರು ಬರೆಯಬೇಕಾಗಿಲ್ಲ.

ವೀಸಾ

ವೀಸಾ ಕೊಡುವುದು ನಮ್ಮ ಸರ್ಕಾರವಲ್ಲ. ನಾವು ಹೋಗುವ ದೇಶದ ಸರ್ಕಾರ. "ನಮ್ಮ ದೇಶಕ್ಕೆ ಬನ್ನಿ. ಇಷ್ಟು ದಿನ ಇರಿ. ಇಂಥ ಕೆಲಸಕ್ಕೆ ಬನ್ನಿ" ಎಂಬ ಒಪ್ಪಿಗೆಯೇ ವೀಸಾ.

ಪಾಸ್‌ಪೋರ್ಟ್ ನಮ್ಮ ಮನೆಯ ಗುರುತು. ವೀಸಾ ಅವರ ಮನೆಯ ಕರೆ. ಕರೆಯದ ಮನೆಗೆ ಹೋಗಲಾಗದು. ಊಟಕ್ಕೆ ಕರೆದ ಮನೆಯಲ್ಲಿ ವಾಸ ಮಾಡಲೂ ಆಗದು.

ವೀಸಾದಲ್ಲಿ ಹಲವು ಬಗೆ. ಊರು ನೋಡಲು, ನೆಂಟರನ್ನು ಕಾಣಲು ವಿಸಿಟ್ ಅಥವಾ ಟೂರಿಸ್ಟ್ ವೀಸಾ. ಓದಲು ಸ್ಟೂಡೆಂಟ್ ವೀಸಾ. ದುಡಿಯಲು ಎಂಪ್ಲಾಯ್‌ಮೆಂಟ್ ಅಥವಾ ವರ್ಕ್ ವೀಸಾ. ಹಜ್ ಯಾತ್ರೆಗೆ ಬೇರೆಯೇ ವೀಸಾ. ನೆರೆಯ ನೇಪಾಳ, ಭೂತಾನಕ್ಕೆ ಹೋಗಲು ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು.

ಈಗ ಒಂದು ಮಾತುಕತೆ ಓದಿರಿ. ಕಲಿಕಾ ಕೇಂದ್ರದಲ್ಲಿ ಕಲಿಸುವವಳು ಅಕ್ಕ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವವಳು ತಂಗಿ.

ತಂಗಿ: ಅಕ್ಕಾರ, ಕುವೈತಿಗೆ ಮನಿಗೆಲಸಕ್ಕ ಹೋಗು ಅಂತ ಒಬ್ಬ ಏಜೆಂಟ ಬೆನ್ನು ಹತ್ಯಾನ್ರಿ. ಚಲೋ ಪಗಾರ ಐತಿ ಅಂತಾನ. ವೀಸಾನೂ ತಂದಾನ.

ಅಕ್ಕ: ಯಾವ ವೀಸಾ?

ತಂಗಿ: ವಿಸಿಟ್ ವೀಸಾ ಅಂದ. ಅಲ್ಲಿ ಹೋದ ಮ್ಯಾಲೆ ಕೆಲಸದ ವೀಸಾ ಮಾಡಿಸಿ ಕೊಡ್ತೀನಿ ಅಂದ.

ಅಕ್ಕ: ವಿಸಿಟ್ ಅಂದ್ರ ನೋಡಿ ಬರೂದು. ದುಡಿಯೂದು ಅಲ್ಲ. ಆ ವೀಸಾದ ಮ್ಯಾಲೆ ದುಡಿದ್ರ ಅಲ್ಲಿ ತಪ್ಪು. ಸಿಕ್ಕಿಬಿದ್ರ ದಂಡ ಹಾಕ್ತಾರ. ಜೈಲಿಗೂ ಹಾಕಬಹುದು. ಪಗಾರ ಕೊಡಲಿಲ್ಲ ಅಂದ್ರೂ ದೂರು ಕೊಡಾಕ ಅಂಜಬೇಕಾಕ್ಕತಿ.

ತಂಗಿ: ಹಂಗಾದ್ರ ಅವ ಅದನ್ನ ಯಾಕ ತಂದಾನ?

ಅಕ್ಕ: ನಿನಗ ವಯಸ್ಸು ಎಷ್ಟು? ಎಷ್ಟನೇತ್ತಾ ಕಲ್ತಿ?

ತಂಗಿ: ಇಪ್ಪತ್ತಾರು. ಸಾಲಿಗೆ ಹೋಗಿಲ್ರಿ. ಇಲ್ಲೇ ಕಲಿತೀನಲ್ಲ!

ಅಕ್ಕ: ಅಲ್ಲೇ ಐತಿ ನೋಡು ಗುಟ್ಟು. ಕೆಲಸದ ವೀಸಾ ತಂದ್ರ ನಮ್ಮ ಸರ್ಕಾರದ ಪರವಾನಗಿ ಬೇಕು. ಮೂವತ್ತು ತುಂಬದ ನಿನಗ ಆ ಪರವಾನಗಿ ಸಿಗೂದಿಲ್ಲ. ನೋಡಾಕ ಹೊಂಟಾಳ ಅಂತ ತೋರಿಸಿದ್ರ ಪರವಾನಗಿ ಕೇಳೂದಿಲ್ಲ. ಅದಕ್ಕ ಅವ ಅಡ್ಡದಾರಿ ಹಿಡಿದಾನ.

ತಂಗಿ: ಅಯ್ಯ ನನ್ನ ಶಿವನ! ಸಂಘದಾಗ ಸಾಲ ಕೇಳಿ ರೊಕ್ಕ ಕೊಡಾಕ ನಿಂತಿದ್ನಲ್ರಿ!

ಅಕ್ಕ: ಮೊದಲು ಅವನ ಲೈಸೆನ್ಸ್ ನಂಬರ್ ಕೇಳು.

ತಂಗಿ: ಇವತ್ತ ಕೇಳ್ತೀನ್ರಿ. ಸಾಲದ ಅರ್ಜಿನೂ ವಾಪಸ್ ತಗೋತೀನಿ.

ಸರ್ಕಾರದ ಪರವಾನಗಿ ಏನು?

ದುಡಿಯಲು ಹೊರದೇಶಕ್ಕೆ ಹೋಗುವವರ ರಕ್ಷಣೆಗೆ 1983ರಲ್ಲಿ ವಲಸೆ ಕಾಯ್ದೆ ಬಂತು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ "ಇ.ಸಿ.ಆರ್." ಬಗೆಯದು. ವಲಸೆಯ ತಪಾಸಣೆ ಬೇಕು ಎಂದು ಇದರ ಅರ್ಥ. ಇಂಥವರು 18 ದೇಶಗಳಿಗೆ ದುಡಿಯಲು ಹೋಗುವಾಗ ಪರವಾನಗಿ ಪಡೆಯಬೇಕು. ಸೌದಿ ಅರೇಬಿಯಾ, ಕುವೈತ್, ಕತಾರ್, ಓಮನ್, ಬಹರೇನ್, ದುಬೈ ಇರುವ ಯು.ಎ.ಇ., ಮಲೇಷ್ಯಾ ಈ ಪಟ್ಟಿಯಲ್ಲಿವೆ.

ಹೆಂಗಸರು ಇಲ್ಲಿಗೆ ಮನೆಗೆಲಸಕ್ಕೆ ಹೋಗಲು 30 ವರ್ಷ ತುಂಬಿರಬೇಕು. ಏಜೆಂಟರ ಮೂಲಕ ಹೋಗುವುದಾದರೆ ಸರ್ಕಾರ ಗೊತ್ತು ಮಾಡಿದ ಸಂಸ್ಥೆಗಳ ಮೂಲಕವೇ ಹೋಗಬೇಕು. ಖಾಸಗಿ ಏಜೆಂಟ ಇ.ಸಿ.ಆರ್. ಪಾಸ್‌ಪೋರ್ಟಿನ ಹೆಂಗಸರನ್ನು ಕಳಿಸುವಂತಿಲ್ಲ.

ಗಂಡಸರನ್ನು ಕಳಿಸುವ ಏಜೆಂಟನಿಗೂ ಲೈಸೆನ್ಸ್ ಇರಬೇಕು. ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ತೆರಿಗೆ. ಅದಕ್ಕಿಂತ ಹೆಚ್ಚು ಕೇಳಬಾರದು. ರಸೀದಿ ಕೊಡಬೇಕು. ನಿಮ್ಮ ಮಗನೋ ತಮ್ಮನೋ ಹೊರಟಿದ್ದರೆ ಇದನ್ನು ಅವನಿಗೆ ಹೇಳಿರಿ.

ಪರವಾನಗಿ ಪಡೆದು ಹೋದವರಿಗೆ 10 ಲಕ್ಷ ರೂಪಾಯಿಯ ವಿಮೆ ಇರುತ್ತದೆ. ಅದರ ಹೆಸರು ಪ್ರವಾಸಿ ಭಾರತೀಯ ಬಿಮಾ ಯೋಜನೆ. ಕಳ್ಳದಾರಿಯಲ್ಲಿ ಹೋದವರಿಗೆ ಈ ವಿಮೆ ಇಲ್ಲ.

ಅಲ್ಲಿ ನಮಗೆ ಯಾರು ದಿಕ್ಕು?

ಪರದೇಶದಲ್ಲಿ ನಮ್ಮ ಸರ್ಕಾರದ ಕಚೇರಿ ಇರುತ್ತದೆ. ಅದಕ್ಕೆ ರಾಯಭಾರ ಕಚೇರಿ ಎನ್ನುತ್ತಾರೆ. ಕಷ್ಟ ಬಂದಾಗ ಅಲ್ಲಿಗೆ ಹೋಗಬೇಕು.

ಇದರ ಅಗತ್ಯ ಎಷ್ಟೆಂದು ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತು. ರಾಣೇಬೆನ್ನೂರು ತಾಲ್ಲೂಕಿನ ಚಳಗೇರಿಯ ಹುಡುಗನೊಬ್ಬ ಉಕ್ರೇನ್ ದೇಶದಲ್ಲಿ ಡಾಕ್ಟರಿಕೆ ಓದುತ್ತಿದ್ದ. ಅಲ್ಲಿ ಯುದ್ಧ ಶುರುವಾಯಿತು. 2022ರ ಮಾರ್ಚ್ 1ರಂದು ದಾಳಿಯಲ್ಲಿ ಅವನು ತೀರಿಕೊಂಡ. ಇಡೀ ಜಿಲ್ಲೆ ಕಣ್ಣೀರು ಹಾಕಿತು. ಮಾರ್ಚ್ 21ರಂದು ಅವನ ದೇಹ ಬೆಂಗಳೂರಿಗೆ ಬಂತು. ಸಾವಿರಾರು ವಿದ್ಯಾರ್ಥಿಗಳನ್ನು ನಮ್ಮ ಸರ್ಕಾರ ವಿಮಾನದಲ್ಲಿ ಕರೆತಂದಿತು.

ಮರುವರ್ಷ ಸುಡಾನ್ ದೇಶದಲ್ಲಿ ಕಾಳಗ ನಡೆಯಿತು. ಔಷಧಿ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಕೊಂಡಿದ್ದರು. ಅವರನ್ನೂ ಸರ್ಕಾರ ಕರೆತಂದಿತು. ಇಂಥ ಹೊತ್ತಿನಲ್ಲಿ "ನಾನು ಭಾರತದವಳು" ಎಂದು ತೋರಿಸಲು ಕೈಯಲ್ಲಿ ಪಾಸ್‌ಪೋರ್ಟ್ ಬೇಕು. ನಾವು ಎಲ್ಲಿದ್ದೇವೆ ಎಂದು ರಾಯಭಾರ ಕಚೇರಿಗೂ ಮನೆಯವರಿಗೂ ಗೊತ್ತಿರಬೇಕು.

ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ. ಕೆಲಸ ಕೊಟ್ಟ ಧಣಿ ಅದನ್ನು ಕಸಿದು ಇಟ್ಟುಕೊಳ್ಳುವಂತಿಲ್ಲ. ಕಸಿದುಕೊಂಡರೆ ರಾಯಭಾರ ಕಚೇರಿಗೆ ತಿಳಿಸಿರಿ.

ನೆನಪಿಡಿ

1. ವೀಸಾ ಕನ್ನಡದಲ್ಲಿ ಇರುವುದಿಲ್ಲ. ಓದು ಬಲ್ಲ ಇಬ್ಬರಿಂದ ಬೇರೆ ಬೇರೆಯಾಗಿ ಓದಿಸಿರಿ. ಏಜೆಂಟನ ಕಡೆಯವರಿಂದ ಓದಿಸಬೇಡಿ.

2. ವೀಸಾ ಯಾವುದಕ್ಕೆ, ಎಷ್ಟು ದಿನಕ್ಕೆ ಎಂದು ಕೇಳಿ ಬರೆದುಕೊಳ್ಳಿರಿ.

3. ಪಾಸ್‌ಪೋರ್ಟಿನ ಅವಧಿ ನೋಡಿರಿ. ಇನ್ನೂ 6 ತಿಂಗಳು ಉಳಿದಿರಬೇಕೆಂದು ಬಹಳ ದೇಶಗಳು ಕೇಳುತ್ತವೆ.

4. ಕೆಲಸದ ಕರಾರು ಪತ್ರ ಓದಿಸದೆ ಸಹಿ ಮಾಡಬೇಡಿ. ಹೆಬ್ಬೆಟ್ಟೂ ಒತ್ತಬೇಡಿ.

5. ಸಂಶಯ ಬಂದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಫೋನ್ ಮಾಡಿರಿ. ನಂಬರ್ 1800 11 3090. ನಮ್ಮ ದೇಶದೊಳಗಿಂದ ಮಾಡಿದರೆ ದುಡ್ಡು ಬೀಳುವುದಿಲ್ಲ.

ಉತ್ತರ ಹೇಳಿರಿ

1. ಪಾಸ್‌ಪೋರ್ಟ್ ಯಾರು ಕೊಡುತ್ತಾರೆ? ವೀಸಾ ಯಾರು ಕೊಡುತ್ತಾರೆ?

2. ವಿಸಿಟ್ ವೀಸಾದ ಮೇಲೆ ದುಡಿಯಬಹುದೇ?

3. ಏಜೆಂಟ ತಂಗಿಗೆ ವಿಸಿಟ್ ವೀಸಾ ತಂದದ್ದು ಏಕೆ?

4. ನಿಮ್ಮ ಊರಿಗೆ ಇಂಥ ಏಜೆಂಟ ಬಂದರೆ ಏನೇನು ಕೇಳುವಿರಿ? ಗುಂಪಿನಲ್ಲಿ ಮಾತಾಡಿರಿ.

ನೀವೇ ಬರೆಯಿರಿ

ಯಾರೇ ಪರದೇಶಕ್ಕೆ ಹೊರಟರೂ ಈ ಚೀಟಿ ಬರೆದು ಮನೆಯಲ್ಲಿ ಇಟ್ಟು ಹೋಗಬೇಕು.

ಹೋಗುವವರ ಹೆಸರು: ............

ಪಾಸ್‌ಪೋರ್ಟ್ ನಂಬರ್: ............

ಯಾವ ದೇಶ, ಯಾವ ಊರು: ............

ಯಾವ ವೀಸಾ, ಎಂದಿನವರೆಗೆ: ............

ಕೆಲಸ ಕೊಡುವವರ ಹೆಸರು, ಫೋನ್: ............

ಏಜೆಂಟನ ಹೆಸರು, ಲೈಸೆನ್ಸ್ ನಂಬರ್: ............

ಅಲ್ಲಿನ ರಾಯಭಾರ ಕಚೇರಿಯ ಫೋನ್: ............