ಬಿಸಿಲಿಗೂ ಬಗ್ಗದ ಸುಗಂಧ ಮೇಣ

ಬತ್ತಿಯಿಲ್ಲ, ತಾನು ಉರಿಯುವುದಿಲ್ಲ, ಆದರೂ ಕೋಣೆ ತುಂಬ ಘಮ. ವ್ಯಾಕ್ಸ್ ಮೆಲ್ಟ್ ಎಂಬ ಸುಗಂಧ ಮೇಣದ ಬಿಲ್ಲೆಯ ಗುಣ ಇಷ್ಟೇ. ಬರ್ನರ್‌ನ ಬಟ್ಟಲಿಗೆ ಒಂದು ಬಿಲ್ಲೆ ಹಾಕಿ ಕೆಳಗೆ ಟೀಲೈಟ್ ಹಚ್ಚಿದರೆ ಮೇಣ ಕರಗಿ ಪರಿಮಳ ಹರಡುತ್ತದೆ. ಮನೆಯಲ್ಲಿ ಇದನ್ನು ಮಾಡಿ ಮಾರುವವರಿಗೆ ತಲೆನೋವು ಶುರುವಾಗುವುದು ಮಾರ್ಚ್ ಬಂದಾಗ. ಬೆಂಗಳೂರಿನಲ್ಲಿ ಅಚ್ಚುಕಟ್ಟಾಗಿ ಕಟ್ಟಿದ ಪೊಟ್ಟಣ ರಾಯಚೂರು, ಕಲಬುರಗಿಯ 40 ಡಿಗ್ರಿ ದಾಟಿದ ಬಿಸಿಲಿಗೆ ಹೋಗಿ ಬೀಳುತ್ತದೆ. ಮುಚ್ಚಿದ ಕೊರಿಯರ್ ವ್ಯಾನಿನೊಳಗಂತೂ ಕಾವು ಇನ್ನೂ ಹೆಚ್ಚು. ಗ್ರಾಹಕರು ಬಿಚ್ಚಿ ನೋಡುವಾಗ ಹೂವಿನ ಆಕಾರವೆಲ್ಲ ಅಳಿಸಿ ಮುದ್ದೆಯಾಗಿರುತ್ತದೆ.

ತಪ್ಪು ಮೇಣದ ಆಯ್ಕೆಯಲ್ಲಿದೆ. ಹೆಚ್ಚಿನವರು ಕೊಳ್ಳುವುದು ಗಾಜಿನ ಲೋಟದ ಮೇಣದಬತ್ತಿಗೆಂದು ತಯಾರಾದ ಸೋಯಾ ಮೇಣ. ಅದು ಸುಮಾರು 46ರಿಂದ 50 ಡಿಗ್ರಿಗೇ ಕರಗುತ್ತದೆ, ಮೆತ್ತಗಾಗುವುದು ಅದಕ್ಕೂ ಮುಂಚೆ. ಲೋಟದಲ್ಲಿದ್ದರೆ ತೊಂದರೆಯಿಲ್ಲ, ಬಿಡಿ ಬಿಲ್ಲೆಗೆ ಆಸರೆ ಯಾವುದು? ಹಾಗಾಗಿ ಗಟ್ಟಿ ಮೇಣ ಬೆರೆಸಲೇಬೇಕು.

ಬೆರೆಸಲು ನಮ್ಮ ಪೇಟೆಯಲ್ಲಿ ಸುಲಭವಾಗಿ ಸಿಗುವುದು ಮೂರು. 58-60 ಡಿಗ್ರಿಗೆ ಕರಗುವ ಪ್ಯಾರಾಫಿನ್ ಅಗ್ಗ, ಪರಿಮಳವನ್ನೂ ಧಾರಾಳವಾಗಿ ಬಿಟ್ಟುಕೊಡುತ್ತದೆ. ಆದರೆ ಅದು ಪೆಟ್ರೋಲಿಯಂ ಉತ್ಪನ್ನ, ಅದನ್ನು ಬೆರೆಸಿ ‘ನೂರಕ್ಕೆ ನೂರು ಸೋಯಾ’ ಎಂದು ಚೀಟಿ ಅಂಟಿಸುವುದು ಮೋಸ. ಜೇನುಮೇಣ 62-64 ಡಿಗ್ರಿಯವರೆಗೆ ತಾಳುತ್ತದೆ. ಅದಕ್ಕೆ ತನ್ನದೇ ಜೇನಿನ ವಾಸನೆ ಇರುವುದರಿಂದ ಮಲ್ಲಿಗೆಯಂಥ ನವಿರು ಪರಿಮಳ ಅದರೆದುರು ಸೋಲುತ್ತದೆ. ಲವಂಗ, ದಾಲ್ಚಿನ್ನಿ, ಕಿತ್ತಳೆಗೆ ಚೆನ್ನಾಗಿ ಹೊಂದುತ್ತದೆ. ಜೇನುಮೇಣಕ್ಕೆ ಪ್ಯಾರಾಫಿನ್ ಕಲಬೆರಕೆ ಮಾಡುವುದು ಹಳೆಯ ಚಾಳಿ, ಗೊತ್ತಿರುವ ಜೇನು ಸಾಕಣೆದಾರರಿಂದಲೇ ಕೊಳ್ಳಿ. ಮೂರನೆಯದು ಬಿಳಿ ಹರಳಿನಂತಿರುವ ಸ್ಟಿಯರಿಕ್ ಆಮ್ಲ. ಸ್ವಲ್ಪವೇ ಸಾಕು, ಬಿಲ್ಲೆ ಗಡುಸಾಗಿ ಅಚ್ಚಿನಿಂದ ಸಲೀಸಾಗಿ ಕಳಚಿಕೊಳ್ಳುತ್ತದೆ. ಇದನ್ನು ತಾಮ್ರದ ಪಾತ್ರೆಯಲ್ಲಿ ಮಾತ್ರ ಕರಗಿಸಬೇಡಿ.

100 ಗ್ರಾಂ ಮೇಣಕ್ಕೆ ಲೆಕ್ಕ ಹೀಗಿಟ್ಟುಕೊಳ್ಳಿ: ಸೋಯಾ 65, ಪ್ಯಾರಾಫಿನ್ 30, ಸ್ಟಿಯರಿಕ್ ಆಮ್ಲ 5. ಪ್ಯಾರಾಫಿನ್ ಬೇಡವೆಂದರೆ ಸೋಯಾ 80, ಜೇನುಮೇಣ 15, ಸ್ಟಿಯರಿಕ್ 5. ಇವು ಆರಂಭಕ್ಕಷ್ಟೇ, ನಿಮ್ಮ ಸೋಯಾದ ಬ್ರ್ಯಾಂಡ್ ಬದಲಾದರೆ ಪ್ರಮಾಣವೂ ಬದಲಾಗಬಹುದು. ಬೆರಕೆಯ ಕರಗುವ ಬಿಂದುವನ್ನು ಸರಾಸರಿ ತೆಗೆದು ಕಾಗದದ ಮೇಲೆ ಕಂಡುಹಿಡಿಯಲು ಹೋಗಬೇಡಿ, ಮೇಣಗಳು ಆ ಗಣಿತಕ್ಕೆ ಒಗ್ಗುವುದಿಲ್ಲ.

ಈಗ ಕೆಲಸಕ್ಕೆ ಇಳಿಯೋಣ. ಚಮಚದ ಅಳತೆ ಬೇಡ, ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ಸ್ಟೀಲ್ ಜಗ್ ಇಡಿ, ನೇರ ಉರಿಯ ಮೇಲೆ ಮೇಣ ಇಡಲೇಬಾರದು. ಮೊದಲು ಗಟ್ಟಿ ಮೇಣ ಮತ್ತು ಸ್ಟಿಯರಿಕ್ ಕರಗಲಿ, ಆಮೇಲೆ ಸೋಯಾ ಹಾಕಿ. ಸೋಯಾ ಬೇಗ ಕರಗುವುದರಿಂದ ಸುಮ್ಮನೆ ಹೆಚ್ಚು ಹೊತ್ತು ಕಾಯುವುದು ತಪ್ಪುತ್ತದೆ. ಎಲ್ಲವೂ ತಿಳಿಯಾದ ಮೇಲೆ ಒಲೆ ಆರಿಸಿ. ಥರ್ಮಾಮೀಟರ್ 75-80 ಡಿಗ್ರಿ ತೋರಿಸುವಾಗ ಸುಗಂಧ ತೈಲ ಸೇರಿಸಿ, ಎರಡು ನಿಮಿಷ ನಿಧಾನವಾಗಿ ಕಲಕಿ. ಅವಸರಪಟ್ಟರೆ ತೈಲ ತಳಕ್ಕಿಳಿಯುತ್ತದೆ.

100 ಗ್ರಾಂ ಮೇಣಕ್ಕೆ 6ರಿಂದ 8 ಗ್ರಾಂ ತೈಲ ಸಾಕು. ಇಲ್ಲಿ ಕೈ ಬಿಗಿ ಹಿಡಿಯಲೇಬೇಕು. ಘಮ ಜಾಸ್ತಿಯಾಗಲಿ ಎಂದು 12, 15 ಗ್ರಾಂ ಸುರಿದರೆ ತೈಲವೇ ಮೇಣವನ್ನು ಮೆತ್ತಗೆ ಮಾಡುತ್ತದೆ, ಬಿಲ್ಲೆ ಬೆವರಿದಂತೆ ಎಣ್ಣೆ ಜಿನುಗುತ್ತದೆ. ಗಟ್ಟಿಯಾಗದ ಬಿಲ್ಲೆಗೆ ಎಷ್ಟೋ ಸಲ ಕಾರಣ ಮೇಣವಲ್ಲ, ಈ ಆಸೆಬುರುಕತನ. ಅಗರಬತ್ತಿಗೆಂದು ಮಾರುವ ಅಗ್ಗದ ಸುಗಂಧದಲ್ಲಿ ದ್ರಾವಕದ ಪಾಲು ದೊಡ್ಡದು, ಅದು ಇದಕ್ಕೆ ಬೇಡ. ಮೇಣದಬತ್ತಿಗೆ ಹೊಂದುವಂಥದ್ದೇ ಎಂದು ಅಂಗಡಿಯಲ್ಲಿ ಕೇಳಿ ತನ್ನಿ. ಪನ್ನೀರು ನೀರೇ ಆದ್ದರಿಂದ ಮೇಣದೊಂದಿಗೆ ಬೆರೆಯುವುದಿಲ್ಲ.

ಪ್ಯಾರಾಫಿನ್ ಬೆರಕೆಯನ್ನು ಸುಮಾರು 65 ಡಿಗ್ರಿಗೆ, ಜೇನುಮೇಣದ್ದನ್ನು 70ರ ಆಸುಪಾಸಿನಲ್ಲಿ ಒಣಗಿದ ಸಿಲಿಕೋನ್ ಅಚ್ಚಿಗೆ ಹೊಯ್ಯಿರಿ. ತಣಿಯಲು ಫ್ರಿಜ್‌ಗೆ ತಳ್ಳಬೇಡಿ, ಬಿರುಕು ಬರುತ್ತದೆ. ಬಿಡಿಸಿದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಒಂದೆರಡು ವಾರ ಇಟ್ಟರೆ ಸೋಯಾ ಇನ್ನಷ್ಟು ಗಟ್ಟಿಯಾಗಿ ಪರಿಮಳವೂ ಕೂಡಿಕೊಳ್ಳುತ್ತದೆ. ಮೇಲೆ ಬಿಳಿ ಹುಡಿಯಂಥ ಪೊರೆ ಕಂಡರೆ ಅದು ಸೋಯಾದ ಸಹಜ ಗುಣ, ಕೆಟ್ಟಿದೆ ಎಂದಲ್ಲ.

ಮಾರುವ ಮುನ್ನ ಎರಡು ಪರೀಕ್ಷೆ ಆಗಲೇಬೇಕು. ಒಂದು ಬಿಲ್ಲೆಯನ್ನು ಪೊಟ್ಟಣ ಕಟ್ಟಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಧ್ಯಾಹ್ನವಿಡೀ ತಾರಸಿಯ ಬಿಸಿಲಲ್ಲಿ ಬಿಡಿ. ಇನ್ನೊಂದನ್ನು ಬರ್ನರ್‌ನಲ್ಲಿಟ್ಟು ಘಮ ನೋಡಿ. ಮೇಣ ಗಡುಸಾದಷ್ಟೂ ಪರಿಮಳ ಹೊರಬರುವುದು ನಿಧಾನ, ಹಾಗಾಗಿ ಮೊದಲ ಪರೀಕ್ಷೆ ಗೆದ್ದದ್ದು ಎರಡನೆಯದರಲ್ಲಿ ಸೋಲಬಹುದು. ಬಿಸಿಲಿಗೆ ಬಾಗಿದರೆ ಜೇನುಮೇಣ ಅಥವಾ ಪ್ಯಾರಾಫಿನ್ ಅನ್ನು 5 ಗ್ರಾಂ ಏರಿಸಿ, ಸೋಯಾ ಅಷ್ಟೇ ಇಳಿಸಿ. ಘಮ ಸಾಲದಿದ್ದರೆ ಸ್ಟಿಯರಿಕ್ ತಗ್ಗಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನೂ ಬರೆದಿಡಿ.

ಕಾದ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಎರಚಬೇಡಿ, ಒಲೆ ಆರಿಸಿ ಮುಚ್ಚಳ ಮುಚ್ಚಿ. ಮಿಕ್ಕ ಮೇಣವನ್ನು ಸಿಂಕಿಗೆ ಸುರಿದರೆ ಪೈಪು ಕಟ್ಟಿಕೊಳ್ಳುತ್ತದೆ, ಕಾಗದದಿಂದ ಒರೆಸಿ ತೆಗೆಯಿರಿ. ಟೀ ಟ್ರೀಯಂಥ ಕೆಲವು ತೈಲಗಳು ಬೆಕ್ಕಿಗೆ ಹಾನಿಕರ. ಅವನ್ನು ಬಳಸಿದ್ದರೆ ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ನಮೂದಿಸಿ.