ಆಯ್ದಕ್ಕಿ ಲಕ್ಕಮ್ಮನೂ ಪ್ರಜಾರಾಜ್ಯವೂ

ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ವಾಡಿಕೆಗಿಂತ ಹೆಚ್ಚು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಸತಿ ಲಕ್ಕಮ್ಮನು ಹಿಂದಕ್ಕೆ ಕಳುಹಿದಳು. ಆ ಅಕ್ಕಿಯು ಕದ್ದುದಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಆಸೆಯನ್ನು ಆಕೆ ಅರಸುಗಳ ಪಾಲಿಗೆ ಬಿಟ್ಟಳು. ಆದರೆ 1950ರಲ್ಲಿ ಸಂವಿಧಾನವು ಜಾರಿಗೆ ಬಂದ ಮೇಲೆ ಪ್ರಜೆಗಳೇ ಅರಸರಾದರು. ಇನ್ನು ಆಸೆಯನ್ನು ಯಾರ ಪಾಲಿಗೆ ಬಿಡುವುದು? ಬಳ್ಳಾರಿಯ ಅದಿರಿನ ಪ್ರಕರಣವು ಈ ಪ್ರಶ್ನೆಯನ್ನು ನಮ್ಮೆದುರಿಗೆ ತಂದಿಟ್ಟಿತು.

2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ವರದಿಯು, 2006ರಿಂದ 2010ರ ವರೆಗಿನ ಅಕ್ರಮ ಗಣಿಗಾರಿಕೆಯಿಂದ ರಾಜ್ಯದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಯಿತೆಂದು ಲೆಕ್ಕ ಹಾಕಿತು. ಮೊತ್ತಕ್ಕಿಂತಲೂ ಭಯಂಕರವಾದುದು ಅದರ ವಿಧಾನ. ಪರವಾನಗಿಯಿಲ್ಲದ ಲಾರಿಗಳು ಎಲ್ಲಿಯೂ ತಡೆಯಿಲ್ಲದೆ ಸಾಗುವಂತೆ ಹಣ ಪಡೆದು ಹೊಣೆ ಹೊರುವ ಕೂಟವಿದ್ದಿತು. ಆ ಏರ್ಪಾಡಿಗೆ ‘ಜೀರೋ ರಿಸ್ಕ್’ ಎಂಬ ಹೆಸರೂ ಇದ್ದಿತು. ಕಳ್ಳನು ಕತ್ತಲೆಯನ್ನು ನೆಚ್ಚುವನು. ಈ ಕೂಟವು ನೆಚ್ಚಿದುದು ಅಧಿಕಾರವನ್ನೇ.

ಅಂಕೋಲೆಯ ಬಳಿಯ ಬೇಲೆಕೇರಿ ಬಂದರಿನಲ್ಲಿ 2010ರ ಮಾರ್ಚಿನಲ್ಲಿ ಅರಣ್ಯ ಇಲಾಖೆಯು ಲಕ್ಷಗಟ್ಟಲೆ ಟನ್ ಅದಿರನ್ನು ಮುಟ್ಟುಗೋಲು ಹಾಕಿಕೊಂಡಿತು. ಹಾಗೆ ವಶಪಡಿಸಿಕೊಂಡ ರಾಶಿಯ ಬಹುಭಾಗವೇ ಕೆಲವು ತಿಂಗಳಲ್ಲಿ ಹಡಗೇರಿ ಹೋಯಿತು. ಹದಿನಾಲ್ಕು ವರ್ಷಗಳ ಮೇಲೆ, 2024ರ ಅಕ್ಟೋಬರಿನಲ್ಲಿ, ಬೆಂಗಳೂರಿನ ವಿಶೇಷ ನ್ಯಾಯಾಲಯವು ಅಂದು ಶಾಸಕರಾಗಿದ್ದ ಒಬ್ಬರೂ ಸೇರಿದಂತೆ ಹಲವರಿಗೆ ಸೆರೆವಾಸ ವಿಧಿಸಿತು. ಮರುತಿಂಗಳೇ ಉಚ್ಚ ನ್ಯಾಯಾಲಯವು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

ಎರಡು ಎಕರೆಯ ಪಹಣಿಗಾಗಿ ಕಚೇರಿಗೆ ಅಲೆಯುವ ರೈತನು ಇದನ್ನೆಲ್ಲ ಕೇಳಿ ‘ಎಲ್ಲರೂ ಅಷ್ಟೇ’ ಎನ್ನುವನು. ರಾಜ್ಯಕ್ಕೆ ಆದ ನಿಜವಾದ ನಷ್ಟವು ಇದು. ಯಾವ ಲೆಕ್ಕಪತ್ರದಲ್ಲಿಯೂ ಬರೆಯದ ನಷ್ಟ. ವಿಶ್ವಾಸವು ಹೋದ ಬಳಿಕ, ಮತದಾನದ ಹಿಂದಿನ ರಾತ್ರಿ ಬಾಗಿಲಿಗೆ ಬಂದ ನೋಟನ್ನು ಮುಟ್ಟಲು ಆತನ ಕೈ ಅಳುಕದು. ಕೊಟ್ಟವನು ಆ ಹಣವನ್ನು ಮರಳಿ ಗಣಿಯಲ್ಲಿ ಹುಡುಕುವನು. ಅಂಗಳದಲ್ಲಿ ಬೇರೆಯವರು ಎಷ್ಟು ಅಕ್ಕಿ ಬಾಚಿದರೆಂದು ಲಕ್ಕಮ್ಮನು ಗಂಡನನ್ನು ಕೇಳಲಿಲ್ಲ. ಆಕೆ ನೋಡಿದುದು ತನ್ನ ಮನೆಯ ಮೊರವನ್ನು.

2002ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಫಲವಾಗಿ, ಅಭ್ಯರ್ಥಿಯು ತನ್ನ ಮೇಲಿನ ಕ್ರಿಮಿನಲ್ ಮೊಕದ್ದಮೆಗಳನ್ನೂ ತನ್ನ ಆಸ್ತಿಯನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕಾಗಿದೆ. ಅದನ್ನು ಓದುವವರು ವಿರಳ. ಲಕ್ಕಮ್ಮನ ವಚನಗಳನ್ನು ಪಾರಾಯಣ ಮಾಡುವ ಅಕ್ಕನ ಬಳಗದವರು ಮುಂದಿನ ಚುನಾವಣೆಯಲ್ಲಿ ಆ ಹಾಳೆಗಳನ್ನೂ ತರಿಸಿ, ಗೋಷ್ಠಿಯಲ್ಲಿ ಎಲ್ಲರಿಗೂ ಕೇಳುವಂತೆ ಓದಲಿ.