ಪ್ರೊಫೈಲಿಗೂ ಒಂದು ಮನೆ ಹೆಸರಿರಲಿ

ಮಿಜಾರು, ಉಜಿರೆ, ಬೆಂಜನಪದವಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟಿಗೆ ಕೂತಿರುವ ಮಕ್ಕಳೇ, ನಿಮಗೊಂದು ಮಾತು. ಜ್ಯಾಂಗೋದಲ್ಲಿ ಲಾಗಿನ್ ಮಾಡಿದಿರಿ, ಫೋಟೊ ಏರಿಸುವ ವ್ಯವಸ್ಥೆಯನ್ನೂ ಮಾಡಿದಿರಿ. ಬಳಕೆದಾರರ ಪುಟದ ವಿಳಾಸಕ್ಕೆ ಮಾತ್ರ ‘ಯೂಸರ್/17’ ಎಂದು ಅಂಕೆ ಹಾಕಿ ಎದ್ದುಬಿಟ್ಟಿರಿ. ನಮ್ಮ ಕಡೆ ಹಳ್ಳಿಗಳಲ್ಲಿ ಯಾರನ್ನಾದರೂ ಹುಡುಕಿಕೊಂಡು ಹೋದರೆ ಮನೆ ನಂಬರು ಯಾರು ಕೇಳುತ್ತಾರೆ? ಮನೆ ಹೆಸರು ಹೇಳಿದರೆ ಸಾಕು, ರಿಕ್ಷಾದವರು ಅಂಗಳಕ್ಕೇ ತಂದು ಬಿಡುತ್ತಾರೆ. ಪ್ರೊಫೈಲಿಗೂ ಅಂಥದ್ದೊಂದು ಹೆಸರು ಬೇಕು.

ಅದನ್ನು ಮೊದಲ ದಿನವೇ ಯೋಚಿಸಿ. ಹೊಸ ಪ್ರಾಜೆಕ್ಟಾದರೆ ಕಸ್ಟಮ್ ಯೂಸರ್ ಮಾಡೆಲ್‌ನಿಂದಲೇ ಶುರುಮಾಡಿ. ಮೈಗ್ರೇಶನ್ ಓಡಿಸಿದ ಮೇಲೆ ಅದಕ್ಕೆ ಬದಲಾಯಿಸಿಕೊಳ್ಳುವುದು ದೊಡ್ಡ ತಲೆನೋವು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಲಾಗಿನ್ ಹೆಸರನ್ನೇ ವಿಳಾಸಕ್ಕೆ ಎಳೆದು ತರಬೇಡಿ. ಜ್ಯಾಂಗೋದ ಯೂಸರ್‌ನೇಮ್ 150 ಅಕ್ಷರಗಳವರೆಗೆ ಹೋಗುತ್ತದೆ; ಚುಕ್ಕಿ, ಪ್ಲಸ್, ‘@’ ಎಲ್ಲವೂ ಅಲ್ಲಿ ಸಲ್ಲುತ್ತವೆ. ವಿಳಾಸದಲ್ಲಿ ಹೆಸರಿನ ಜಾಗಕ್ಕೆ ಬರುವ ತುಂಡಿಗೆ ‘ಸ್ಲಗ್’ ಎನ್ನುತ್ತಾರೆ; ಅದರ ಮಾದರಿಗೆ ಸಲ್ಲುವುದು ಇಂಗ್ಲಿಷ್ ಅಕ್ಷರ, ಅಂಕೆ, ಅಡ್ಡಗೆರೆ, ಅಡಿಗೆರೆ ಇಷ್ಟೇ. ಹೆಸರಲ್ಲಿ ಚುಕ್ಕಿ ಇಟ್ಟುಕೊಂಡವರ ಪುಟ ತೆರೆಯುವುದೇ ಇಲ್ಲ. ಸ್ಲಗ್‌ಗೆಂದು ಬೇರೆ ಫೀಲ್ಡ್ ಇಡಿ, ಯುನೀಕ್ ಮಾಡಿ.

ಕನ್ನಡ ಹೆಸರಿನ ವಿಷಯದಲ್ಲಂತೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ. ಸ್ಲಗಿಫೈ ಎಂಬ ಫಂಕ್ಷನ್‌ಗೆ ‘ಮೂಡುಬಿದಿರೆ’ ಕೊಟ್ಟರೆ ಖಾಲಿ ಕೈಯಲ್ಲಿ ವಾಪಸು ಬರುತ್ತದೆ. ಯೂನಿಕೋಡ್‌ಗೆ ಅನುಮತಿ ಕೊಟ್ಟರಾದರೂ ಸರಿಹೋದೀತು ಅಂದುಕೊಂಡಿರಾ? ಆಗ ಸಿಗುವುದು ‘ಮಡಬದರ’. ಬಂಟ್ವಾಳ ‘ಬಟವಳ’ವಾಗುತ್ತದೆ, ಬೆಳ್ತಂಗಡಿ ‘ಬಳತಗಡ’ವಾಗುತ್ತದೆ. ಪೈಥಾನ್ ನಮ್ಮ ಕಾಗುಣಿತದ ಚಿಹ್ನೆಗಳನ್ನೂ ಅನುಸ್ವಾರವನ್ನೂ ಅಕ್ಷರವೆಂದು ಎಣಿಸದೆ ಕಿತ್ತುಹಾಕುವುದೇ ಇದಕ್ಕೆ ಕಾರಣ. ಕನ್ನಡ ಉಳಿಸುವ ಹಟ ನನಗೆ ಇಷ್ಟವೇ. ಹಟ ಹಿಡಿದವರು ಸ್ಲಗ್ ಮಾಡುವ ಫಂಕ್ಷನ್, ತಪಾಸಣೆ ಎರಡನ್ನೂ ತಾವೇ ಬರೆಯಬೇಕು. ಇನ್ನೊಂದು ತೊಡಕೂ ಇದೆ. ಕನ್ನಡ ವಿಳಾಸವನ್ನು ಕಾಪಿ ಮಾಡಿ ಕಳಿಸಿದಾಗ ಹಲವು ಕಡೆ ಅದು ಶೇಕಡಾ ಚಿಹ್ನೆಗಳ ಸಾಲಾಗುತ್ತದೆ. ‘ಮೂಡುಬಿದಿರೆ’ ಒಂದಕ್ಕೇ 90 ಅಕ್ಷರ. ಅದಕ್ಕೇ ನನ್ನ ಸಲಹೆ, ವಿಳಾಸ ಇಂಗ್ಲಿಷ್ ಅಕ್ಷರದಲ್ಲಿರಲಿ, ಪುಟದ ತಲೆಯ ಮೇಲೆ ಹೆಸರು ಚೆನ್ನಾಗಿ ಕನ್ನಡದಲ್ಲೇ ಇರಲಿ. ಇಂಗ್ಲಿಷ್ ಕಾಗುಣಿತವನ್ನು ನೀವೇ ಊಹಿಸಿ ತುಂಬಬೇಡಿ. ಮೂಡುಬಿದಿರೆಯನ್ನೇ ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ, ಇನ್ನು ಜನರ ಹೆಸರು ಕೇಳಬೇಕೇ? ಅವರಿಗೆ ಬೇಕಾದ್ದನ್ನು ಅವರೇ ಆರಿಸಿಕೊಳ್ಳಲಿ.

ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ ಎಂದು ಡೇಟಾಬೇಸಿನಲ್ಲೇ ಕಟ್ಟು ಹಾಕಿ. ಇಲ್ಲದಿದ್ದರೆ ಒಂದೇ ಹೆಸರಿನಲ್ಲಿ ಇಬ್ಬರು ಬಂದು ಕೂರುತ್ತಾರೆ. ‘ಅಡ್ಮಿನ್’, ‘ಲಾಗಿನ್’ ಮೊದಲಾದ ಹೆಸರುಗಳನ್ನು ಯಾರಿಗೂ ಕೊಡಬೇಡಿ. ವಿಳಾಸದಲ್ಲಿ ಮುಂದೆ ‘ಯೂಸರ್’ ಎಂದೇನೂ ಇಲ್ಲದೆ ಬರೀ ಹೆಸರಿಡುವುದಾದರೆ ಪ್ರೊಫೈಲಿನ ಸಾಲನ್ನು ಯುಆರ್‌ಎಲ್ ಪಟ್ಟಿಯ ಕೊನೆಯಲ್ಲಿಡಿ. ಜ್ಯಾಂಗೋ ಮೇಲಿನಿಂದ ಕೆಳಗೆ ನೋಡುತ್ತಾ ಮೊದಲು ಹೊಂದಿದ್ದಕ್ಕೇ ನಿಲ್ಲುತ್ತದೆ. ಪ್ರೊಫೈಲ್ ಮೇಲಿದ್ದರೆ ಲಾಗಿನ್ ಪುಟವನ್ನೇ ನುಂಗಿಬಿಡುತ್ತದೆ.

ಯುಎಸ್‌ಎನ್, ಮೊಬೈಲ್ ನಂಬರು, ಇಮೇಲ್ ಇವು ಪುಟದ ವಿಳಾಸದಲ್ಲಿ ಬೇಡವೇ ಬೇಡ. ಹಾಗೆಂದು ಅಂಕೆ ತೆಗೆದು ಹೆಸರು ಹಾಕಿದ ಮಾತ್ರಕ್ಕೆ ಬೀಗ ಹಾಕಿದಂತಾಗಲಿಲ್ಲ. ಯಾರು ನೋಡಬಹುದು, ಯಾರು ತಿದ್ದಬಹುದು ಎಂಬುದನ್ನು ವ್ಯೂನಲ್ಲೇ ಪರೀಕ್ಷಿಸಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಫಲ?

ಲಿಂಕನ್ನು ಪ್ರತಿ ಟೆಂಪ್ಲೇಟಿನಲ್ಲೂ ಕೈಯಾರೆ ಬರೆಯುವ ಸೋಮಾರಿತನ ಬಿಡಿ. ಮಾಡೆಲ್‌ನ ‘ಗೆಟ್ ಆಬ್ಸೊಲ್ಯೂಟ್ ಯುಆರ್‌ಎಲ್’ನಲ್ಲಿ ಒಂದೇ ಕಡೆ ಇರಲಿ. ಮದುವೆಯಾಗಿಯೋ ಮನಸ್ಸು ಬದಲಾಗಿಯೋ ಜನ ಹೆಸರು ಬದಲಿಸುತ್ತಾರೆ. ಹಳೆಯ ಸ್ಲಗ್ ಅಳಿಸದೆ ಇನ್ನೊಂದು ಟೇಬಲ್‌ನಲ್ಲಿಟ್ಟು 301 ರೀಡೈರೆಕ್ಟ್ ಕೊಡಿ, ಆ ಹೆಸರನ್ನು ಬೇರೆಯವರಿಗೆ ಹಂಚಬೇಡಿ. ವೈವಾಕ್ಕೆ ಹೋಗುವ ಮೊದಲು ನಿಮ್ಮದೇ ಖಾತೆಯ ಹೆಸರು ಬದಲಿಸಿ, ಗೆಳೆಯರ ಫೋನಿನಿಂದ ಹಳೆಯ ಲಿಂಕ್ ಒಮ್ಮೆ ಒತ್ತಿ ನೋಡಿ.